ಒಣಕಣ್ಣಿಗೆ ಹನಿ ಕೊಳ್ಳುವ ಮುನ್ನ: ಲೇಬಲ್ಲಿನ ಸಣ್ಣಕ್ಷರ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿರುವ ಕಣ್ಣಿನ ಹನಿಯ ಬಾಟಲಿಯನ್ನು ಜೊತೆಗೆ ತನ್ನಿ ಎಂದು ಕೇಳಿಕೊಂಡಿದ್ದೆವು. ತಂದವರು ಅದನ್ನೊಮ್ಮೆ ಕೈಗೆ ತೆಗೆದುಕೊಳ್ಳಿ. ದೊಡ್ಡಕ್ಷರದ ಹೆಸರು ಬೇಡ, ಅದರ ಕೆಳಗಿರುವ ಸಣ್ಣಕ್ಷರ ಓದುವುದೇ ಇವತ್ತಿನ ಕೆಲಸ.

ಮೆಡಿಕಲ್ ಅಂಗಡಿಗೆ ಹೋಗಿ ‘ಕಣ್ಣು ಉರೀತಿದೆ, ಡ್ರಾಪ್ಸ್ ಕೊಡಿ’ ಎಂದರೆ ಕೈಗೆ ಬರುವುದು ಮೂರು ಜಾತಿಯಲ್ಲಿ ಯಾವುದಾದರೂ ಆಗಿರಬಹುದು. ಒಂದು ಕಣ್ಣನ್ನು ಬರೀ ತೇವ ಮಾಡುತ್ತದೆ. ಇನ್ನೊಂದು ರಕ್ತನಾಳಗಳನ್ನು ಕುಗ್ಗಿಸಿ ಕೆಂಪು ಇಳಿಸುತ್ತದೆ. ಮೂರನೆಯದರಲ್ಲಿ ಸ್ಟೀರಾಯ್ಡ್ ಇರುತ್ತದೆ. ಬಾಟಲಿಗಳು ನೋಡಲು ಒಂದೇ ಥರ. ಒಣಕಣ್ಣಿಗೆಂದು ನೀವೇ ಕೊಂಡು ಹಾಕಿಕೊಳ್ಳಬಹುದಾದದ್ದು ಮೊದಲನೆಯದು ಮಾತ್ರ.

‘ಕಣ್ಣಲ್ಲಿ ನೀರು ಸುರೀತಿದೆ, ಒಣಗಿದೆ ಅಂತೀರಲ್ಲ?’ ಎಂದು ಅನೇಕರು ಕೇಳುತ್ತಾರೆ. ಕಣ್ಣೀರು ಬರೀ ನೀರಲ್ಲ. ಕಣ್ಣಿಗೆ ಅಂಟಿಕೊಂಡ ಲೋಳೆ, ನಡುವೆ ನೀರು, ಮೇಲೆ ತೆಳುವಾದ ಎಣ್ಣೆಯ ಪೊರೆ. ಎಣ್ಣೆ ಬರುವುದು ರೆಪ್ಪೆಯಂಚಿನ ಮೈಬೋಮಿಯನ್ ಗ್ರಂಥಿಗಳಿಂದ. ಅವು ಕಟ್ಟಿಕೊಂಡರೆ ನೀರಿದ್ದರೂ ಬೇಗ ಆರಿಹೋಗುತ್ತದೆ. ಕಣ್ಣಿಗೆ ಉರಿ ಹತ್ತುತ್ತದೆ, ಆ ಉರಿಗೆ ಒಮ್ಮೆಲೇ ನೀರು ನುಗ್ಗಿ ಕೆನ್ನೆಗಿಳಿಯುತ್ತದೆ. ಅದು ಉಳಿಯುವ ನೀರಲ್ಲ. ದಿನವಿಡೀ ಸ್ಕ್ರೀನ್ ನೋಡುವವರು ರೆಪ್ಪೆ ಮಿಟುಕಿಸುವುದು ಕಡಿಮೆ. ಎಸಿ, ರಾತ್ರಿ ಮುಖಕ್ಕೆ ನೇರ ಬೀಸುವ ಫ್ಯಾನು, ವೈಸರ್ ಎತ್ತಿಕೊಂಡು ಬೈಕ್ ಓಡಿಸುವುದು, ನೆಗಡಿಗೆ ನುಂಗುವ ಸೆಟಿರಿಜಿನ್‌ನಂಥ ಮಾತ್ರೆ ಎಲ್ಲವೂ ಇದಕ್ಕೆ ಕೂಡಿಕೊಳ್ಳುತ್ತವೆ.

ಈಗ ಲೇಬಲ್ ನೋಡಿ. ತೇವ ಮಾಡುವ ವಸ್ತುವಿನ ಹೆಸರು ಮೊದಲಿರುತ್ತದೆ: ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ 0.5% ಅಥವಾ 1%, ಹೈಡ್ರಾಕ್ಸಿಪ್ರೊಪೈಲ್ ಮಿಥೈಲ್ ಸೆಲ್ಯುಲೋಸ್ 0.3%, ಪಾಲಿಎಥಿಲೀನ್ ಗ್ಲೈಕಾಲ್ 0.4% ಜೊತೆಗೆ ಪ್ರೊಪಿಲೀನ್ ಗ್ಲೈಕಾಲ್ 0.3%, ಸೋಡಿಯಂ ಹೈಯಲುರೊನೇಟ್ 0.1% ಅಥವಾ 0.18%. ಯಾವುದರಿಂದ ಶುರು ಮಾಡಿದರೂ ತಪ್ಪಿಲ್ಲ. ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ ನಮ್ಮ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ, ಅಗ್ಗವಾಗಿಯೂ ಸಿಗುತ್ತದೆ. ದುಬಾರಿ ಹನಿಯೇ ಒಳ್ಳೆಯದೆಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. 1% ಗಟ್ಟಿಯಾದ್ದರಿಂದ ಹೆಚ್ಚು ಹೊತ್ತು ನಿಲ್ಲುತ್ತದೆ, ಆದರೆ ಸ್ವಲ್ಪ ಹೊತ್ತು ದೃಷ್ಟಿ ಮಂಜಾಗುತ್ತದೆ. ಗಾಡಿ ಓಡಿಸುವ ಮುಂಚೆ 0.5% ಸಾಕು, ಜೆಲ್ ಮತ್ತು ಮುಲಾಮು ಮಲಗುವಾಗಲಷ್ಟೇ.

ಅದರ ಕೆಳಗಿನ ಸಾಲು ಸಂರಕ್ಷಕದ್ದು. ನಮ್ಮ ಮಟ್ಟಿಗೆ ಲೇಬಲ್ಲಿನಲ್ಲಿ ಅತಿ ಮುಖ್ಯವಾದ ಸಾಲು ಅದೇ. ತೆರೆದ ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯದಿರಲೆಂದು ಹಾಕುವ ರಾಸಾಯನಿಕ ಅದು. ಬೆಂಜಾಲ್ಕೋನಿಯಂ ಕ್ಲೋರೈಡ್ ಎಂದಿದ್ದರೆ, ಅದು ಸ್ವಭಾವದಲ್ಲಿ ಸೋಪಿನ ಜಾತಿ. ಬ್ಯಾಕ್ಟೀರಿಯಾದ ಪೊರೆ ಒಡೆಯುವಂತೆಯೇ ಕಣ್ಣೀರಿನ ಎಣ್ಣೆ ಪೊರೆಯನ್ನೂ ಒಡೆಯುತ್ತದೆ, ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಮೇಲ್ಮೈಯನ್ನು ಕೆರಳಿಸುತ್ತದೆ. ದಿನಕ್ಕೆ ಎರಡು ಸಲ, ಒಂದೆರಡು ವಾರವಾದರೆ ಹೆಚ್ಚಿನವರಿಗೆ ತೊಂದರೆಯಾಗದು. ಉರಿ ಹೆಚ್ಚಿತೆಂದು ಎಂಟು ಸಲ ಹಾಕತೊಡಗಿದರೆ ಮದ್ದೇ ಉರಿಗೆ ಕಾರಣವಾಗುತ್ತದೆ. ಉರಿದಷ್ಟೂ ಹಾಕುತ್ತಾರೆ, ಹಾಕಿದಷ್ಟೂ ಉರಿಯುತ್ತದೆ. ಸ್ಟೆಬಿಲೈಸ್ಡ್ ಆಕ್ಸಿಕ್ಲೋರೊ ಕಾಂಪ್ಲೆಕ್ಸ್, ಸೋಡಿಯಂ ಪರ್ಬೊರೇಟ್ ಇವು ಅದಕ್ಕಿಂತ ಮೃದು. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಕಾಗುವವರು, ಗ್ಲಾಕೋಮಾಕ್ಕೆಂದು (ಕಣ್ಣಿನ ನರ ಹಾಳಾಗುವ ಕಾಯಿಲೆ) ಬೇರೆ ಹನಿ ಹಾಕುತ್ತಿರುವವರು ‘ಪ್ರಿಸರ್ವೇಟಿವ್ ಫ್ರೀ’ ಎಂದು ಕೇಳಿಯೇ ಕೊಳ್ಳಬೇಕು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರೂ ಅಷ್ಟೆ. ಮೆತ್ತನೆಯ ಲೆನ್ಸ್ ಬೆಂಜಾಲ್ಕೋನಿಯಂ ಅನ್ನು ಹೀರಿ ಇಟ್ಟುಕೊಳ್ಳುತ್ತದೆ. ಲೆನ್ಸ್ ತೆಗೆದು ಹನಿ ಹಾಕಿ, 15 ನಿಮಿಷ ಬಿಟ್ಟು ಮತ್ತೆ ಹಾಕಿಕೊಳ್ಳಿ.

ಆದರೆ ಸಂರಕ್ಷಕ ಇಲ್ಲದ್ದೆಲ್ಲ ತಾನಾಗಿಯೇ ಸುರಕ್ಷಿತವೂ ಅಲ್ಲ. 2023ರಲ್ಲಿ ತಮಿಳುನಾಡಿನಲ್ಲಿ ತಯಾರಾಗಿ ಅಮೆರಿಕದಲ್ಲಿ ಮಾರಾಟವಾದ ಸಂರಕ್ಷಕರಹಿತ ಕೃತಕ ಕಣ್ಣೀರು, ಅನೇಕ ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗದ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದ ಸೋಂಕಿನೊಂದಿಗೆ ತಳುಕು ಹಾಕಿಕೊಂಡಿತು. ಆ ವರ್ಷದ ಮೇ ತಿಂಗಳ ಹೊತ್ತಿಗೆ 18 ರಾಜ್ಯಗಳ 81 ಮಂದಿ ಲೆಕ್ಕಕ್ಕೆ ಸಿಕ್ಕಿದ್ದರು. 14 ಮಂದಿ ದೃಷ್ಟಿ ಕಳೆದುಕೊಂಡರು, 4 ಮಂದಿಯ ಕಣ್ಣುಗುಡ್ಡೆಯನ್ನೇ ತೆಗೆಯಬೇಕಾಯಿತು, 4 ಮಂದಿ ತೀರಿಕೊಂಡರು. ಹಲವು ಸಲ ಬಳಸುವ ಬಾಟಲಿಯಲ್ಲಿ ತಕ್ಕ ಸಂರಕ್ಷಕ ಇರಲಿಲ್ಲವೆಂಬುದು ತಪಾಸಣೆಯಲ್ಲಿ ಎತ್ತಿದ ಆಕ್ಷೇಪಗಳಲ್ಲೊಂದು. ಹಾಗಾಗಿ ಸಂರಕ್ಷಕ ಬೇಡವಾದರೆ ಎರಡೇ ದಾರಿ: ಒಮ್ಮೆ ಮುರಿದು ಬಳಸಿ ಅದೇ ದಿನ ಎಸೆಯುವ ಪುಟ್ಟ ವಯಲ್, ಇಲ್ಲವೇ ಒಳಗೆ ಗಾಳಿ, ಸೂಕ್ಷ್ಮಾಣು ಹಿಂದಿರುಗದಂತೆ ಕವಾಟ ಅಥವಾ ಫಿಲ್ಟರ್ ಇರುವ ವಿಶೇಷ ಬಾಟಲಿ. ಸಾಮಾನ್ಯ ಬಾಟಲಿಯ ಮೇಲೆ ‘ಪ್ರಿಸರ್ವೇಟಿವ್ ಫ್ರೀ’ ಎಂದು ಕಂಡರೆ ಕೊಳ್ಳಬೇಡಿ.

ಬಾಟಲಿ ತೆರೆಯುವಲ್ಲಿ ನಾವು ಮಾಡುವ ತಪ್ಪು ಒಂದಿದೆ. ಕೆಲವು ಬಾಟಲಿಗಳ ತುದಿ ಮುಚ್ಚಿರುತ್ತದೆ, ಮುಚ್ಚಳದೊಳಗೇ ಮುಳ್ಳಿರುತ್ತದೆ. ಮುಚ್ಚಳವನ್ನು ಬಲಕ್ಕೆ ಬಿಗಿಯಾಗಿ ತಿರುಗಿಸಿದರೆ ಅದೇ ತೂತು ಮಾಡುತ್ತದೆ. ಅದು ಬಿಟ್ಟು ಸೇಫ್ಟಿ ಪಿನ್ನಿನಿಂದಲೋ ಹೊಲಿಗೆ ಸೂಜಿಯಿಂದಲೋ ಚುಚ್ಚುತ್ತಾರೆ. ಪಿನ್ನಿನ ಕೊಳೆ ಒಳಗೆ ಹೋಗುತ್ತದೆ. ತೂತು ದೊಡ್ಡದಾಗಿ ಒಂದು ಹನಿಯ ಜಾಗದಲ್ಲಿ ಮೂರು ಬೀಳುತ್ತವೆ.

ಕಣ್ಣು ಹಿಡಿಯುವುದು ಸುಮಾರು 30 ಮೈಕ್ರೊಲೀಟರ್, ಬಾಟಲಿಯ ಒಂದು ಹನಿ 30ರಿಂದ 50. ಎರಡನೆಯ ಹನಿ ಕೆನ್ನೆಯ ಪಾಲು. ಕೈ ತೊಳೆದು, ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಆ ಚೀಲದಲ್ಲಿ ಒಂದು ಹನಿ ಬೀಳಿಸಿ. ಬಾಟಲಿಯ ತುದಿ ರೆಪ್ಪೆಗೂ ಬೆರಳಿಗೂ ತಾಗಬಾರದು. ಪಿಳಿಪಿಳಿ ಮಾಡದೆ ಒಂದು ನಿಮಿಷ ಕಣ್ಣು ಮುಚ್ಚಿಕೊಳ್ಳಿ. ಬೇರೆ ಹನಿಯೂ ಇದ್ದರೆ ನಡುವೆ 5ರಿಂದ 10 ನಿಮಿಷ ಇರಲಿ.

ತೆರೆದ ತಾರೀಖನ್ನು ಪೆನ್ನಿನಲ್ಲಿ ಬಾಟಲಿಯ ಮೇಲೇ ಬರೆಯಿರಿ. ಲೇಬಲ್ ಬೇರೆ ಹೇಳದಿದ್ದರೆ 28 ದಿನಕ್ಕೆ ಎಸೆಯಬೇಕು, ಪೆಟ್ಟಿಗೆಯ ಎಕ್ಸ್‌ಪೈರಿ ಇನ್ನೂ ಎರಡು ವರ್ಷ ದೂರವಿದ್ದರೂ. ಎರಡೂ ಕಣ್ಣಿಗೆ ದಿನಕ್ಕೆ ನಾಲ್ಕು ಸಲ ಹಾಕುವವರಿಗೆ 10 ಮಿ.ಲೀ. ಬಾಟಲಿ ಹೆಚ್ಚುಕಡಿಮೆ ಅಷ್ಟೇ ದಿನ ಬರುತ್ತದೆ. ಅದಕ್ಕಿಂತ ಕಡಿಮೆ ಹಾಕುವವರು ಚಿಕ್ಕ ಬಾಟಲಿ ಕೊಳ್ಳಿ. ಗಂಡ ಹೆಂಡತಿಗೂ ಒಂದೇ ಬಾಟಲಿ ಬೇಡ.

ಇನ್ನು ಉಳಿದೆರಡು ಜಾತಿ. ನ್ಯಾಫಜೋಲಿನ್, ಟೆಟ್ರಾಹೈಡ್ರೊಜೋಲಿನ್, ಆಕ್ಸಿಮೆಟಜೋಲಿನ್ ಎಂದು ‘ಜೋಲಿನ್’ನಿಂದ ಮುಗಿಯುವ ಹೆಸರು ಕಂಡರೆ ಅದು ಕೆಂಪು ಇಳಿಸುವ ಹನಿ. ತೇವ ಕೊಡುವುದಿಲ್ಲ, ದಿನಗಟ್ಟಲೆ ಹಾಕಿ ಬಿಟ್ಟರೆ ಕೆಂಪು ಮೊದಲಿಗಿಂತ ಹೆಚ್ಚಾಗಿ ಮರಳುತ್ತದೆ. ಪಚ್ಚಕರ್ಪೂರ, ಮೆಂಥಾಲ್ ಹಾಕಿದ ಹನಿಯ ತಂಪೂ ತೇವವಲ್ಲ. ಪನ್ನೀರು, ಜೇನು, ಎದೆಹಾಲು ಯಾವುದೂ ಕ್ರಿಮಿಮುಕ್ತವಲ್ಲ, ಕಣ್ಣಿಗೆ ಬೇಡವೇ ಬೇಡ.

ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್, ಫ್ಲೋರೊಮೆಥೊಲೋನ್, ಲೋಟೆಪ್ರೆಡ್ನಾಲ್: ಇವು ಸ್ಟೀರಾಯ್ಡ್. ‘ಮದ್ರಾಸ್ ಐ’ ಕಾಲದಲ್ಲಿ ಆ್ಯಂಟಿಬಯಾಟಿಕ್ ಜೊತೆ ಬೆರೆಸಿದ್ದು ಮನೆಗೆ ಬಂದು, ಬೀರುವಿನಲ್ಲಿ ಉಳಿದು, ಮುಂದೆ ಯಾರದೋ ಒಣಕಣ್ಣಿಗೆ ಬೀಳುತ್ತದೆ. ಎರಡೇ ದಿನಕ್ಕೆ ಆರಾಮ ಅನ್ನಿಸುತ್ತದೆ, ಅಪಾಯವಿರುವುದೇ ಅಲ್ಲಿ. ತಿಂಗಳುಗಟ್ಟಲೆ ಹಾಕಿದರೆ ಕೆಲವರಲ್ಲಿ ಕಣ್ಣಿನ ಒತ್ತಡ ನೋವಿಲ್ಲದೆ ಏರಿ ದೃಷ್ಟಿಯ ನರ ಸಾಯುತ್ತದೆ. ಆ ನರ ಮತ್ತೆ ಚಿಗುರುವುದಿಲ್ಲ. ಕಣ್ಣಿನ ಪೊರೆಯೂ (ಕ್ಯಾಟರಾಕ್ಟ್) ಬೇಗ ಬರುತ್ತದೆ. ವೈದ್ಯರೂ ಕೆಲವೊಮ್ಮೆ ಒಣಕಣ್ಣಿಗೆ ಇದನ್ನು ಬರೆಯುತ್ತಾರೆ, ಆದರೆ ಅವಧಿ ಹಾಕಿ, ಒತ್ತಡ ನೋಡಿಕೊಂಡು. ಹಳೆಯ ಚೀಟಿ ತೋರಿಸಿ ಮತ್ತೆ ಕೊಳ್ಳಬೇಡಿ.

ನೋವು, ಬೆಳಕು ನೋಡಲಾಗದಿರುವುದು, ದೃಷ್ಟಿ ಮಂಕು, ಕೀವು, ಒಂದೇ ಕಣ್ಣು ಕೆಂಪಾಗಿರುವುದು ಒಣಕಣ್ಣಿನ ಲಕ್ಷಣವೆಂದು ಸುಮ್ಮನಿರಬೇಡಿ. ಕೊಯ್ಲಿನಲ್ಲಿ ಭತ್ತದ ತೆನೆ, ಕಬ್ಬಿನ ಗರಿ ತಾಗಿದ ಕಣ್ಣಂತೂ ಬೇರೆಯೇ ಮಾತು. ಅಲ್ಲಿ ಶಿಲೀಂಧ್ರದ ಹುಣ್ಣು ಹುಟ್ಟಬಹುದು, ಸ್ಟೀರಾಯ್ಡ್ ಬಿದ್ದರೆ ಕಿಚ್ಚಿಗೆ ಗಾಳಿ ಬೀಸಿದಂತೆ ಹಬ್ಬುತ್ತದೆ. ಅಂಥ ಕಣ್ಣನ್ನು ಉಜ್ಜದೆ, ಮನೆಯಲ್ಲಿದ್ದ ಹನಿ ಹಾಕದೆ, ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಿ. ಈಗಾಗಲೇ ಏನಾದರೂ ಹಾಕಿದ್ದರೆ ಆ ಬಾಟಲಿಯನ್ನೂ ಜೊತೆಗೆ ಒಯ್ಯಿರಿ.