ಕರಗಿದ ಕಲ್ಲಿನಲ್ಲಿ ಪ್ಲಾಟಿನಂ ಎಷ್ಟು ಕರಗುತ್ತದೆ?

[ತೆರೆಯಲ್ಲಿ: ಸೀಳಿ ತೋರಿಸಿದ ಭೂಮಿ, ನಡುವೆ ಕಬ್ಬಿಣದ ಗರ್ಭ]

ನಮಸ್ಕಾರ. ಭೂಮಿ ಹುಟ್ಟಿದ ಹೊಸತರಲ್ಲಿ ಕಾದು ಕರಗಿತ್ತು. ಭಾರದ ಕಬ್ಬಿಣ ಕೆಳಗಿಳಿದು ಗರ್ಭ ಸೇರಿತು. ಪ್ಲಾಟಿನಂ, ಇರಿಡಿಯಂ, ಚಿನ್ನ ಇವೆಲ್ಲ ಕಲ್ಲನ್ನು ಬಿಟ್ಟು ಕಬ್ಬಿಣದ ಜೊತೆ ಹೋಗುವಂಥವು. ಅವೂ ಅಲ್ಲೇ ಇರಬೇಕಿತ್ತು, ಅಲ್ವಾ? ಆದರೂ ಗರ್ಭದ ಸುತ್ತಲಿನ ದಪ್ಪ ಕಲ್ಲಿನ ಪದರ, ಅಂದರೆ ಮ್ಯಾಂಟಲ್‌ನ ಒಂದು ಟನ್ ಕಲ್ಲಿನಲ್ಲಿ ಸುಮಾರು 7 ಮಿಲಿಗ್ರಾಂ ಪ್ಲಾಟಿನಂ ಇದೆ. ಇದು ಇಲ್ಲೇ ಉಳಿದದ್ದೋ, ಆಮೇಲೆ ಉಲ್ಕೆಗಳ ಜೊತೆ ಬಂದದ್ದೋ?

ಕರಗಿದ ಕಲ್ಲು ಎಷ್ಟು ಪ್ಲಾಟಿನಂ ಹಿಡಿದಿಟ್ಟುಕೊಳ್ಳಬಲ್ಲದು ಎಂದು ಅಳೆದರೆ ಇದಕ್ಕೆ ಸುಳಿವು ಸಿಗುತ್ತದೆ.

[ತೆರೆಯಲ್ಲಿ: ಕುಲುಮೆ, ತಂತಿಯ ಕುಣಿಕೆಯಲ್ಲಿ ಹೊಳೆಯುವ ಹನಿ]

1990ರ ದಶಕದಲ್ಲಿ ವಿಜ್ಞಾನಿಗಳಾದ ಬೋರಿಸೊವ್ ಮತ್ತು ಪಾಲ್ಮೆ ಇಂಥ ಪ್ರಯೋಗಗಳನ್ನು ಮಾಡಿದರು. ವಿಧಾನ ಸರಳ, ನನಗಂತೂ ತುಂಬಾ ಇಷ್ಟ. ಪ್ಲಾಟಿನಂ ತಾನೇ ಕರಗಿ ದ್ರವವಾಗುವುದು 1768 ಡಿಗ್ರಿ ಸೆಲ್ಸಿಯಸ್‌ಗೆ. ಕಲ್ಲಿನ ಪುಡಿ 1300ರ ಆಸುಪಾಸಿನಲ್ಲೇ ಕರಗಿ, ಪ್ಲಾಟಿನಂ ತಂತಿಯ ಕುಣಿಕೆಗೆ ಹನಿಯಾಗಿ ಅಂಟಿಕೊಳ್ಳುತ್ತದೆ. ತಂತಿಯ ಲೋಹ ಸ್ವಲ್ಪ ಸ್ವಲ್ಪವಾಗಿ ಆ ಹನಿಯಲ್ಲಿ ಬೆರೆಯುತ್ತದೆ. ಕುಲುಮೆಯೊಳಗೆ ಹಾಯಿಸುವ ಅನಿಲಗಳನ್ನು ಬದಲಿಸಿ ಆಮ್ಲಜನಕವನ್ನು ಹೆಚ್ಚು ಕಡಿಮೆ ಮಾಡಬಹುದು. ಲೋಹ ಕಲ್ಲಿನಲ್ಲಿ ಕರಗುವುದು ಆಕ್ಸೈಡ್ ಆಗಿ. ಹಾಗಾಗಿ ಆಮ್ಲಜನಕ ಕಡಿಮೆಯಾದಂತೆ ಕರಗುವಿಕೆಯೂ ಇಳಿಯಬೇಕು. ಕೊನೆಗೆ ಹನಿಯನ್ನು ತಟ್ಟನೆ ತಣಿಸಿದರೆ ಗಾಜಾಗುತ್ತದೆ. ಆ ಗಾಜಿನಲ್ಲಿರುವ ಲೋಹವನ್ನು ಅಳೆಯುತ್ತಾರೆ.

ತೊಡಕು ಇಲ್ಲೇ. ಆಮ್ಲಜನಕ ತೀರಾ ಕಡಿಮೆಯಿದ್ದಾಗ ಅಳತೆ ಇಳಿಯುವುದೇ ಇಲ್ಲ. ಎಲ್ಲೆಂದರಲ್ಲಿ ಚೆದುರುತ್ತದೆ. ಕಾರಣ, ಗಾಜಿನೊಳಗಿನ ಲೋಹದ ಅತಿಸಣ್ಣ ಕಣಗಳು. ಡಿಕಾಕ್ಷನ್‌ನಲ್ಲಿ ಫಿಲ್ಟರ್ ದಾಟಿ ಬಂದ ಪುಡಿಯನ್ನೂ ಇಳಿದ ಕಾಫಿ ಅಂತ ಲೆಕ್ಕ ಹಾಕಿದ ಹಾಗೆ.

[ತೆರೆಯಲ್ಲಿ: ಲೇಸರ್ ಸಂಕೇತದ ಗೆರೆ, ನಡುವೆ ಚೂಪು ಶಿಖರಗಳು]

ಲೇಸರ್‌ನಿಂದ ಗಾಜನ್ನು ಸ್ವಲ್ಪ ಸ್ವಲ್ಪ ಕೆರೆದು ಪರಮಾಣುಗಳನ್ನು ತೂಕದ ಮೇಲೆ ಬೇರ್ಪಡಿಸಿ ಎಣಿಸುವ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಕಳಿಸಿದರೆ, ದೊಡ್ಡ ಕಣ ಸಿಕ್ಕಲ್ಲಿ ಗೆರೆ ಜಿಗಿಯುತ್ತದೆ. ತೀರಾ ಚಿಕ್ಕ ಕಣಗಳು ಎಲ್ಲೆಡೆ ಸಮನಾಗಿ ಹರಡಿದ್ದರೆ ಇದೂ ಕೈಕೊಡುತ್ತದೆ. ಇನ್ನೂ ಕಷ್ಟದ ಪ್ರಶ್ನೆ: ಕಣಗಳು ಕುಲುಮೆಯಲ್ಲೇ ಇದ್ದವೋ, ತಣಿಯುವಾಗ ಹುಟ್ಟಿದವೋ? ಮೊದಲೇ ಇದ್ದರೆ ಲೆಕ್ಕದಿಂದ ತೆಗೆಯಬೇಕು. ತಣಿಯುವಾಗ ಹುಟ್ಟಿದ್ದರೆ ಸೇರಿಸಬೇಕು. ಉತ್ತರ ಪೂರ್ತಿ ಬದಲಾಗುತ್ತದೆ! ಹಾಗಾಗಿ ಕರಗಿದ ಕಲ್ಲನ್ನು ಬಿಸಿಯಿದ್ದಾಗಲೇ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಕಣಗಳನ್ನು ಬೇರ್ಪಡಿಸುವ ಪ್ರಯೋಗವೂ ನಡೆದಿದೆ. ಇಂಥ ಶ್ರಮ ಸುದ್ದಿಯಾಗುವುದಿಲ್ಲ, ಆದರೆ ವಿಜ್ಞಾನ ನಿಂತಿರುವುದೇ ಇದರ ಮೇಲೆ.

ಇರಿಡಿಯಂ, ಆಸ್ಮಿಯಂ ಎಂಬ ಲೋಹಗಳು ಕರಗಿದ ಕಲ್ಲಿನಲ್ಲಿ ಕರಗುವುದು ತೀರಾ ಕಡಿಮೆ ಎಂದು ಈಗ ಗೊತ್ತಾಗಿದೆ. ಮ್ಯಾಂಟಲ್‌ನಲ್ಲಿರುವ ಅವುಗಳ ಪಾಲು ಗರ್ಭ ರೂಪುಗೊಂಡ ಮೇಲೆ ಬಿದ್ದ ಉಲ್ಕೆಗಳಿಂದಲೇ ಬಂದಿರಬೇಕು ಎನ್ನುವ ವಾದಕ್ಕೆ ಇದು ಗಟ್ಟಿ ಆಧಾರ. ಚಿನ್ನ ಅವುಗಳಿಗಿಂತ ಜಾಸ್ತಿ ಕರಗುತ್ತದೆ. ಅದರಲ್ಲಿ ಒಂದಷ್ಟು ಮೊದಲಿನಿಂದಲೂ ಇಲ್ಲೇ ಉಳಿದಿರಬಹುದು.