ಹಾಲು ಕರೆದ ಮೇಲಿನ ಅರ್ಧ ಗಂಟೆ

ಕೇಳುಗರೆಲ್ಲರಿಗೂ ನಮಸ್ಕಾರ. ಈ ಹೊತ್ತಿಗೆ ನಿಮ್ಮಲ್ಲಿ ಹೆಚ್ಚಿನವರು ಸಂಜೆ ಹಾಲು ಡೈರಿಗೆ ಹಾಕಿ ಬಂದು, ಕೈಕಾಲು ತೊಳೆದು ಕೂತಿರುತ್ತೀರಿ. ಮೊದಲು ಒಂದು ಪ್ರಶ್ನೆ ಕೇಳಿಬಿಡ್ತೀನಿ. ನಿಮ್ಮ ಹಸು ಈಗ ನಿಂತಿದೆಯೋ, ಮಲಗಿದೆಯೋ? ಗೊತ್ತಿಲ್ಲದವರು ಎದ್ದು ಹೋಗಿ ನೋಡಿ ಬನ್ನಿ. ರೇಡಿಯೋ ಸ್ವಲ್ಪ ಜೋರಾಗಿ ಇಟ್ಟು ಹೋಗಿ, ನಾನು ಮಾತಾಡ್ತಾನೇ ಇರ್ತೀನಿ.

ನನಗೆ ಕೊಟ್ಟಿರುವ ವಿಷಯ ಜಾನುವಾರುಗಳ ಆರೋಗ್ಯ ಮತ್ತು ಪಶುವೈದ್ಯಕೀಯ ಸಂಶೋಧನೆ. ವಿಷಯ ದೊಡ್ಡದು, ಹೊತ್ತು ಚಿಕ್ಕದು. ಕಾಲುಬಾಯಿ ರೋಗ, ಚಪ್ಪೆ ರೋಗ, ಗಂಟಲು ಬೇನೆ, ಗಂಟು ರೋಗ ಅಂತ ಎಲ್ಲವನ್ನೂ ಒಂದೊಂದು ಮಾತಲ್ಲಿ ಮುಗಿಸಿದರೆ ಯಾವುದೂ ನಿಮ್ಮ ಕೊಟ್ಟಿಗೆವರೆಗೆ ಬರೋದಿಲ್ಲ. ಹಾಗಾಗಿ ಇವತ್ತು ಒಂದೇ ರೋಗ, ಒಂದೇ ಮಾತು. ರೋಗ ಕೆಚ್ಚಲು ಬಾವು. ಮಾತು ಏನಪ್ಪಾ ಅಂದರೆ, ಹಾಲು ಕರೆದ ತಕ್ಷಣ ಮೊಲೆತೊಟ್ಟನ್ನು ಔಷಧದಲ್ಲಿ ಅದ್ದಿ, ಆಮೇಲೆ ಅರ್ಧ ಗಂಟೆ ಹಸುವನ್ನು ಮಲಗೋದಕ್ಕೆ ಬಿಡಬೇಡಿ.

ಕೆಚ್ಚಲು ಬಾವು ಅಂದ ಕೂಡಲೇ ನಿಮ್ಮ ಕಣ್ಣಿಗೆ ಬರೋದು ಯಾವುದು? ಕೆಚ್ಚಲು ಊದಿಕೊಂಡಿದೆ, ಕೆಂಪಾಗಿದೆ, ಮುಟ್ಟಿದರೆ ಹಸು ಒದೆಯುತ್ತೆ, ಹಾಲು ಗಡ್ಡೆಗಡ್ಡೆಯಾಗಿ ಬರುತ್ತೆ. ಅದು ಬಂದಾಗ ಯಾರೂ ಸುಮ್ಮನಿರೋದಿಲ್ಲ, ರಾತ್ರಿ ಹನ್ನೊಂದಕ್ಕೂ ಡಾಕ್ಟರಿಗೆ ಫೋನು ಬರುತ್ತೆ. ನನಗೆ ಅದರ ಚಿಂತೆ ಕಡಿಮೆ. ಅದಕ್ಕಿಂತ ಹಲವು ಪಟ್ಟು ಹೆಚ್ಚಾಗಿ ಇರೋದು ಕಣ್ಣಿಗೆ ಕಾಣದ ಕೆಚ್ಚಲು ಬಾವು. ಊತವಿಲ್ಲ, ನೋವಿಲ್ಲ, ಹಾಲು ನೋಡೋದಕ್ಕೆ ಬೆಳ್ಳಗೇ ಇದೆ. ಹಸು ಮೇಯುತ್ತೆ, ಮೆಲುಕು ಹಾಕುತ್ತೆ. ಆದರೆ ದಿನಕ್ಕೆ ಅರ್ಧ ಲೀಟರು, ಒಂದು ಲೀಟರು ಕಮ್ಮಿ ಆಗ್ತಾ ಬರುತ್ತೆ. ಡೈರಿಯಲ್ಲಿ ಕೊಬ್ಬು ಬಿಟ್ಟು ಹಾಲಲ್ಲಿ ಉಳಿಯೋ ಘನಾಂಶ, ಅಂದರೆ ಎಸ್‌ಎನ್‌ಎಫ್ ಇಳಿಯುತ್ತೆ. ಯಾಕೆ ಅಂದರೆ ರೋಗ ತಗುಲಿದ ಕೆಚ್ಚಲಲ್ಲಿ ಹಾಲಿನ ಸಕ್ಕರೆ ಕಮ್ಮಿಯಾಗಿ ಉಪ್ಪಿನಂಶ ಏರುತ್ತೆ. ನೀವು ಡೈರಿ ಸೆಕ್ರೆಟರಿ ಜೊತೆ ಜಗಳ ಆಡ್ತೀರಿ, ಹಿಂಡಿ ಅಂಗಡಿಯವನನ್ನು ಬೈತೀರಿ. ಕೆಚ್ಚಲಿನ ಕಡೆ ಯಾರೂ ನೋಡೋದಿಲ್ಲ.

ಇದು ಒಳಗೆ ಹೋಗೋದು ಹೇಗೆ ಅಂತ ಕೇಳಿ. ಮೊಲೆತೊಟ್ಟಿನ ತುದಿಯಲ್ಲಿ ಒಂದು ಸಣ್ಣ ಕೊಳವೆ ಇದೆ, ಉದ್ದ ಸುಮಾರು 1 ಸೆಂಟಿಮೀಟರು. ಅದರ ಬಾಯಿಗೆ ಉಂಗುರದಂಥ ಒಂದು ಸ್ನಾಯು ಇದೆ. ಹಾಲು ಕರೆಯದ ಹೊತ್ತಲ್ಲಿ ಅದು ಬಿಗಿಯಾಗಿ ಮುಚ್ಚಿರುತ್ತೆ. ಹಾಲು ಕರೆಯುವಾಗ ಸಡಿಲವಾಗುತ್ತೆ. ಕರೆದು ಮುಗಿದ ತಕ್ಷಣ ಮತ್ತೆ ಬಿಗಿಯಾಗುತ್ತಾ? ಇಲ್ಲ! ಅರ್ಧ ಗಂಟೆ ಬೇಕು, ಕೆಲವು ಹಸುಗಳಲ್ಲಿ ಇನ್ನೂ ಹೆಚ್ಚು. ಅಷ್ಟು ಹೊತ್ತು ಬಾಗಿಲು ತೆರೆದೇ ಇರುತ್ತೆ. ಆ ಹೊತ್ತಲ್ಲೇ ಹಸು ಸಗಣಿ ಗಂಜಲದ ನೆಲದ ಮೇಲೆ ಕೆಚ್ಚಲು ಊರಿ ಮಲಗಿದರೆ ರೋಗಾಣು ನೇರ ಒಳಗೆ. ಅದಕ್ಕೇ ಹೇಳಿದ್ದು, ಅರ್ಧ ಗಂಟೆ ಮಲಗೋದಕ್ಕೆ ಬಿಡಬೇಡಿ.

ಇದು ನಾನು ಕೂತಲ್ಲಿ ಕಟ್ಟಿದ ಮಾತಲ್ಲ. ಇಂಗ್ಲೆಂಡಿನ ರೆಡಿಂಗ್ ಪಟ್ಟಣದ ಬಳಿ ಶಿನ್‌ಫೀಲ್ಡ್ ಅನ್ನೋ ಕಡೆ ಒಂದು ಹೈನುಗಾರಿಕೆ ಸಂಶೋಧನಾ ಸಂಸ್ಥೆ ಇತ್ತು. 1960ರ ದಶಕದಲ್ಲಿ ಅಲ್ಲಿನ ವಿಜ್ಞಾನಿಗಳು ರೈತರ ಕೊಟ್ಟಿಗೆಗಳಲ್ಲೇ ಪ್ರಯೋಗ ನಡೆಸಿದರು. ಒಂದಷ್ಟು ಕಡೆ ಬಹಳ ಖರ್ಚಿನ ಶುಚಿತ್ವ. ಒಂದು ಹಸುವಿಗೆ ಹಾಕಿದ ಹಾಲಿನ ಯಂತ್ರದ ಬಟ್ಟಲನ್ನು ಸುಡುವಷ್ಟು ಬಿಸಿ ನೀರಲ್ಲಿ ತೊಳೆದೇ ಇನ್ನೊಂದಕ್ಕೆ ಹಾಕೋದು. ಮತ್ತೊಂದಷ್ಟು ಕಡೆ ಸರಳ ಕ್ರಮ, ಕರೆದ ಮೇಲೆ ತೊಟ್ಟನ್ನು ಔಷಧದಲ್ಲಿ ಅದ್ದೋದು. ಲೆಕ್ಕ ಹಾಕಿ ನೋಡಿದರೆ ಆ ಬಿಸಿನೀರಿನ ಖರ್ಚಿನಿಂದ ಹೆಚ್ಚಿಗೆ ಸಿಕ್ಕ ಲಾಭ ತೀರಾ ಕಮ್ಮಿ. ತೊಟ್ಟು ಅದ್ದೋದೊಂದರಿಂದಲೇ ಹೊಸ ಸೋಂಕು ಅರ್ಧಕ್ಕರ್ಧ ಇಳಿಯುತ್ತೆ. ಇದನ್ನೂ ಸೇರಿಸಿ ಐದು ಅಂಶಗಳ ಒಂದು ಕ್ರಮ ಮಾಡಿ ರೈತರಿಗೆ ಕೊಟ್ಟರು. ಆಗ ಆ ದೇಶದಲ್ಲಿ 100 ಹಸುಗಳಿಗೆ ವರ್ಷಕ್ಕೆ 150 ಸಲದಷ್ಟು ಕೆಚ್ಚಲು ಬಾವು ಬರ್ತಿತ್ತು. ಇಪ್ಪತ್ತು ವರ್ಷದಲ್ಲಿ ಅದು 40ರ ಆಸುಪಾಸಿಗೆ ಇಳೀತು. ಹೊಸ ಇಂಜೆಕ್ಷನ್ ಕಂಡುಹಿಡಿದಿದ್ದರೆ ಪತ್ರಿಕೆಯಲ್ಲಿ ದೊಡ್ಡದಾಗಿ ಬರ್ತಿತ್ತು. ಲೋಟದಲ್ಲಿ ತೊಟ್ಟು ಅದ್ದೋದನ್ನು ಯಾರು ಬರೀತಾರೆ?

ಈಗ ಮದ್ದೂರಿನ ಕಡೆಯ ಒಬ್ಬ ಅಜ್ಜಿಯ ಕತೆ ಹೇಳಬೇಕು. ನನ್ನ ವಿದ್ಯಾರ್ಥಿಗಳು ಇದನ್ನು ಕೇಳಿ ಕೇಳಿ ಬೇಸತ್ತಿದ್ದಾರೆ, ನೀವು ಹೊಸಬರು.

ಅಜ್ಜಿ ಮನೆಯಲ್ಲಿ ಮೂರು ಸೀಮೆ ಹಸು. ಅದರಲ್ಲಿ ಗೌರಿ ಅಂತ ಒಂದು, ಹೊತ್ತಿಗೆ ಎಂಟು ಲೀಟರು ಕೊಡ್ತಿದ್ದದ್ದು ಆರಕ್ಕೆ ಬಂದಿತ್ತು. ನಾನು ಹೋದಾಗ ಹಸುವಿನ ಕೊರಳಲ್ಲಿ ಕಪ್ಪು ದಾರ, ಕೊಟ್ಟಿಗೆ ಬಾಗಿಲಿಗೆ ಮೆಣಸಿನಕಾಯಿ ನಿಂಬೆಹಣ್ಣು. "ಯಾರ ಕಣ್ಣು ಬಿತ್ತೋ ಕಣಪ್ಪ, ಹಾಲು ಇಳ್ದೋಯ್ತು" ಅಂದರು. ಕೆಚ್ಚಲು ಮುಟ್ಟಿ ನೋಡಿದೆ, ಮೆತ್ತಗೇ ಇತ್ತು. ಬಿಸಿ ಇಲ್ಲ, ಊತ ಇಲ್ಲ. "ಅವ್ವಾ, ನಾಲ್ಕು ಟೀ ಲೋಟ ತನ್ನಿ, ಬಟ್ಟೆ ಒಗೆಯೋ ಸೋಪಿನ ಪುಡಿ ತನ್ನಿ" ಅಂದೆ. ಅಜ್ಜಿ ನನ್ನ ಮುಖ ನೋಡಿದರು. ಡಾಕ್ಟರು ಹಸುವಿಗೆ ಸೂಜಿ ಹಾಕೋದು ಬಿಟ್ಟು ಬಟ್ಟೆ ಒಗೆಯೋಕೆ ಬಂದವನೇನೋ ಅಂದುಕೊಂಡಿರಬೇಕು.

ಅರ್ಧ ಲೀಟರು ನೀರಿಗೆ ಆರು ಟೀ ಚಮಚ ಪುಡಿ ಕಲಸಿದೆ. ಒಂದೊಂದು ಮೊಲೆಯಿಂದ ಒಂದೊಂದು ಲೋಟಕ್ಕೆ ಒಂದಿಷ್ಟು ಹಾಲು ಹಿಂಡಿ, ಹಾಲಿನಷ್ಟೇ ಸೋಪಿನ ನೀರು ಸುರಿದು ಮೆಲ್ಲಗೆ ಗಿರಗಿರ ತಿರುಗಿಸಿದೆ. ಮೂರು ಲೋಟದಲ್ಲಿ ಹಾಲು ನೀರುನೀರಾಗಿಯೇ ತಿರುಗ್ತಿತ್ತು. ನಾಲ್ಕನೆಯದು, ಹಿಂದಿನ ಎಡ ಮೊಲೆಯದು, ನೋಡ್ತಾ ನೋಡ್ತಾ ಗಟ್ಟಿಯಾಗಿ ಲೋಟದ ತಳಕ್ಕೆ ಅಂಟಿಕೊಳ್ತು. ಅಜ್ಜಿ ಬೆರಳು ಅದ್ದಿ ಎತ್ತಿದರು. ಲೋಳೆ ಎಳೆಯಾಗಿ ಜೋತುಬಿತ್ತು. "ಅಯ್ಯೋ, ಇದನ್ನ ನಾವು ಕುಡೀತಿದ್ವಾ?" ಅಂದರು. ರೋಗಾಣುವಿನ ಜೊತೆ ಹೋರಾಡೋಕೆ ರಕ್ತದಿಂದ ಬಿಳಿ ಕಣಗಳು ಕೆಚ್ಚಲಿಗೆ ಬಂದು ಸೇರುತ್ತವೆ. ಸೋಪು ಆ ಕಣಗಳನ್ನು ಒಡೆದಾಗ ಒಳಗಿನ ಡಿಎನ್‌ಎ ಹೊರಬಂದು ಲೋಳೆಯಾಗುತ್ತೆ. 1957ರಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ವಿಜ್ಞಾನಿಗಳು ಪ್ರಕಟಿಸಿದ ಪರೀಕ್ಷೆಯ ಗುಟ್ಟು ಇದೇ. ಅದಕ್ಕೆ ಬೇರೆ ದ್ರಾವಣ ಬೇಕು. ಮನೆಯ ಸೋಪಿನ ಪುಡಿಯಲ್ಲೂ ಆಗುತ್ತೆ ಅಂತ ತೋರಿಸಿದವರು ಪಾಕಿಸ್ತಾನದ ಫೈಸಲಾಬಾದಿನ ಕೃಷಿ ವಿಶ್ವವಿದ್ಯಾಲಯದವರು. ಬಡ ರೈತನ ಕಷ್ಟ ಎರಡೂ ಕಡೆ ಒಂದೇ ನೋಡಿ.

ರೋಗ ಯಾವುದು ಅಂತ ಗೊತ್ತಾಯ್ತು, ಎಲ್ಲಿಂದ ಬಂತು ಅಂತ ಗೊತ್ತಾಗಬೇಕಲ್ಲ? ಸಂಜೆ ಹಾಲು ಕರೆಯೋವರೆಗೂ ಅಲ್ಲೇ ಜಗಲಿ ಮೇಲೆ ಕೂತೆ. ಸೊಸೆ ಬಂದಳು. ಗೌರಿ ಮುಂದೆ ಹಿಂಡಿ ಬೂಸಾದ ಬಕೆಟ್ ಇಟ್ಟಳು, ಕೆಚ್ಚಲು ತೊಳೆದಳು, ಚೆನ್ನಾಗಿಯೇ ಕರೆದಳು. ಕೈ ಬಹಳ ಚುರುಕು. ಹಾಲು ಮುಗಿಯೋದೂ ಬಕೆಟ್ ಖಾಲಿಯಾಗೋದೂ ಒಂದೇ ಹೊತ್ತಿಗೆ. ಡೈರಿ ಬಾಗಿಲು ಹಾಕಿಬಿಡ್ತಾರೆ ಅಂತ ಕ್ಯಾನು ಎತ್ತಿಕೊಂಡು ಓಡಿದಳು. ಗೌರಿ ಖಾಲಿ ಬಕೆಟ್ ಒಂದು ಸಲ ಮೂಸಿತು, ಆ ಕಡೆ ಈ ಕಡೆ ನೋಡಿತು, ಮುಂಗಾಲು ಮಡಿಸಿ ಮಲಗಿಬಿಡ್ತು. ಎಲ್ಲಿ? ಚರಂಡಿ ಮುಚ್ಚಿಹೋಗಿ ಗಂಜಲ ನಿಂತಿತ್ತಲ್ಲ, ಅಲ್ಲೇ. ಮಲಗುವಾಗ ತೊಟ್ಟಿನ ತುದಿಯಲ್ಲಿ ಹಾಲಿನ ಹನಿ ಇನ್ನೂ ಹಾಗೇ ಇತ್ತು. ಎಡಗಡೆ ಮಗ್ಗುಲಾಗಿತ್ತು, ಹಿಂದಿನ ಎಡ ಮೊಲೆ ಸರಿಯಾಗಿ ಆ ಗಂಜಲದಲ್ಲಿ. "ಅವ್ವಾ, ಕಣ್ಣು ಬಿದ್ದಿರೋದು ಅಲ್ಲಿ" ಅಂದೆ.

ಅವರಿಗೆ ನಾನು ಹೇಳಿದ್ದು ಇಷ್ಟೇ. ಹಸಿ ಹುಲ್ಲು ಹಾಲು ಕರೆಯೋದಕ್ಕೆ ಮುಂಚೆ ಹಾಕಬೇಡಿ, ಕರೆದ ಮೇಲೆ ಹಾಕಿ. ಮುಂದೆ ಹುಲ್ಲು ಇದ್ದರೆ ಯಾವ ಹಸು ಮಲಗುತ್ತೆ ಹೇಳಿ? ಅರ್ಧ ಗಂಟೆ ತಾನಾಗಿ ನಿಂತು ಮೇಯುತ್ತೆ. ನೀವು ಕೋಲು ಹಿಡಿದು ಕಾಯಬೇಕಾಗಿಲ್ಲ. ಆ ಮನೆಯಲ್ಲಿ ನೇಪಿಯರ್ ಹುಲ್ಲು ಹೊತ್ತು ತಂದು ಹಾಕೋ ಕೆಲಸ ಅಜ್ಜಿಯದಾಯ್ತು, ತೊಟ್ಟು ಅದ್ದೋದು ಸೊಸೆಯದು, ಚರಂಡಿ ಮಗನದು. ಗೌರಿಯ ಹಾಲನ್ನು ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಗೆ ಕಳಿಸಿ, ಯಾವ ಔಷಧಕ್ಕೆ ರೋಗಾಣು ಬಗ್ಗುತ್ತೆ ಅಂತ ನೋಡಿಯೇ ಚಿಕಿತ್ಸೆ ಕೊಟ್ಟೆವು. ಮುಂದಿನ ಸೂಲಿನಲ್ಲಿ ಪರೀಕ್ಷೆ ಮಾಡಿದಾಗ ನಾಲ್ಕು ಲೋಟವೂ ನೀರುನೀರಾಗಿಯೇ ಇತ್ತು. ಈಗ ಆ ಊರಲ್ಲಿ ಯಾರಾದರೂ ಸಂತೆಗೆ ಹಸು ಕೊಳ್ಳೋಕೆ ಹೊರಟರೆ ಅಜ್ಜಿಯನ್ನು ಕರ್ಕೊಂಡು ಹೋಗ್ತಾರಂತೆ. ಅಜ್ಜಿ ಸೊಂಟದಲ್ಲಿ ಎಲೆಅಡಿಕೆ ಚೀಲ, ಅದರ ಪಕ್ಕದಲ್ಲೇ ಸೋಪಿನ ಪುಡಿ ಪೊಟ್ಟಣ. ದಲ್ಲಾಳಿಗಳು ಆಕೆಯನ್ನು ಕಂಡರೆ ಆ ಕಡೆ ತಿರುಗಿಕೊಳ್ತಾರಂತೆ!

ಗಾಜಿನ ಆಚೆಯಿಂದ ಗಡಿಯಾರ ತೋರಿಸ್ತಿದ್ದಾರೆ. ಇನ್ನೂ ಮೂರು ನಾಲ್ಕು ವಿಷಯ ಬರೆದುಕೊಂಡು ಬಂದಿದ್ದೆ, ಓಡೋ ಓಟದಲ್ಲೇ ಹೇಳ್ತೀನಿ.

ಔಷಧದಂಗಡಿಯಲ್ಲಿ ಟೀಟ್ ಡಿಪ್ ಅಂತಲೇ ಕೇಳಿ, ಅಯೋಡಿನ್ ಜೊತೆ ಗ್ಲಿಸರಿನ್ ಇರೋದು ಕೊಡ್ತಾರೆ. ಗ್ಲಿಸರಿನ್ ಇಲ್ಲದಿದ್ದರೆ ತೊಟ್ಟು ಒಣಗಿ ಸೀಳುತ್ತೆ. ಸಣ್ಣ ಲೋಟದಲ್ಲಿ ಹಾಕಿ, ತೊಟ್ಟು ಪೂರ್ತಿ ಮುಳುಗಬೇಕು. ಉಳಿದದ್ದನ್ನು ಸೀಸೆಗೆ ವಾಪಸ್ ಸುರಿಯಬೇಡಿ, ಚೆಲ್ಲಿ. ಎಲ್ಲ ಹಸುವಿಗೂ ಒಂದೇ ಬಟ್ಟೆಯಲ್ಲಿ ಕೆಚ್ಚಲು ಒರೆಸೋದನ್ನು ದಯವಿಟ್ಟು ಬಿಡಿ, ಎಷ್ಟು ಸಲ ಹೇಳಬೇಕು ಇದನ್ನು? ರೋಗ ಇರೋ ಹಸುವನ್ನು ಕೊನೆಯಲ್ಲಿ ಕರೆಯಿರಿ. ಹೆಬ್ಬೆಟ್ಟು ಮಡಿಚಿ ಹಿಂಡಬೇಡಿ, ಮುಷ್ಟಿಯಲ್ಲಿ ಹಿಂಡಿ.

ಸೋಪಿನ ಪರೀಕ್ಷೆ ತಿಂಗಳಿಗೊಂದು ಸಲ ಸಾಕು. ಕರು ಹಾಕಿದ ಮೊದಲ ವಾರ ಮಾಡಬೇಡಿ, ಗಿಣ್ಣು ಹಾಲಲ್ಲಿ ಸುಮ್ಮನೆ ಹೆದರಿಕೊಳ್ತೀರಿ. ಪರೀಕ್ಷೆ ಮಾಡಿದ ಹಾಲನ್ನು ಚೆಲ್ಲಿ, ಕರುವಿಗೂ ಕುಡಿಸಬೇಡಿ.

ಗಬ್ಬದ ಹಸುವಿಗೆ ಕರು ಹಾಕೋದಕ್ಕೆ ಎರಡು ತಿಂಗಳು ಮುಂಚೆ ಹಾಲು ಬತ್ತಿಸ್ತೀರಲ್ಲ, ಆಗ ಮೊಲೆಗೆ ಏರಿಸೋ ಒಂದು ಟ್ಯೂಬ್ ಬರುತ್ತೆ. ಕಾಣದ ಕೆಚ್ಚಲು ಬಾವಿಗೆ ಅದಕ್ಕಿಂತ ಒಳ್ಳೆ ಸಮಯ ಇನ್ನೊಂದಿಲ್ಲ, ನಿಮ್ಮ ಡಾಕ್ಟರನ್ನು ಕೇಳಿ ಹಾಕಿಸಿ. ನೀವೇ ಅಂಗಡಿಯಿಂದ ತಂದು ಚುಚ್ಚಬೇಡಿ. ಔಷಧ ಕೊಟ್ಟ ಹಸುವಿನ ಹಾಲನ್ನು ಡಾಕ್ಟರು ಹೇಳಿದಷ್ಟು ದಿನ ಡೈರಿಗೆ ಹಾಕಬೇಡಿ, ಮನೆಯಲ್ಲೂ ಬಳಸಬೇಡಿ.

ಮನೆಮದ್ದು ಕೇಳುವವರು ಬರೆದುಕೊಳ್ಳಿ. ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ, ಒಟ್ಟಿಗೆ ರುಬ್ಬಿ, ನೀರಲ್ಲಿ ಕದಡಿ ಕೆಚ್ಚಲಿಗೆಲ್ಲ ಬಳಿಯಬೇಕು. ದಿನಕ್ಕೆ ಎಂಟು ಹತ್ತು ಸಲ, ಐದು ದಿನ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯವರೂ ಇದನ್ನು ಹೇಳ್ತಾರೆ. ಒಂದು ಸಲ ಬಳಿದು ವಾಸಿ ಆಗ್ಲಿಲ್ಲ ಅಂತ ನನಗೆ ಕಾಗದ ಬರೆಯಬೇಡಿ.

ಎಮ್ಮೆ, ಮೇಕೆ ಸಾಕಿದವರಿಗೂ ಇದೇ ಮಾತು. ಕರೆಯಿರಿ, ಅದ್ದಿ, ಮೇವು ಹಾಕಿ, ಅರ್ಧ ಗಂಟೆ ನಿಲ್ಲಿಸಿ. ಕೆಚ್ಚಲು ಊದಿ ಹಸು ಮೇವು ಬಿಟ್ಟರೆ ಬೆಳಗಾಗಲಿ ಅಂತ ಕಾಯದೆ ಪಶು ಸಹಾಯವಾಣಿ 1962ಕ್ಕೆ ಫೋನು ಮಾಡಿ, ಅದು ಉಚಿತ. ನಮಸ್ಕಾರ.