ಹಕ್ಕಿಯ ದಾರಿಯಲ್ಲಿರುವ ಊರುಗಳು

ಎಲ್ಲರಿಗೂ ನಮಸ್ಕಾರ. ಹೊಲದ ಕೆಲಸ ಬಿಟ್ಟು ಬಂದ ರೈತರಿಗೆ, ಶಾಲೆಯ ಮಕ್ಕಳಿಗೆ, ಮಕ್ಕಳನ್ನು ಸುಮ್ಮನೆ ಕೂರಿಸಲು ಒದ್ದಾಡುತ್ತಿರುವ ಮೇಷ್ಟ್ರುಗಳಿಗೆ ಇನ್ನೊಂದು ನಮಸ್ಕಾರ.

ಇವತ್ತು ವಲಸೆ ಹಕ್ಕಿಗಳ ಬಗ್ಗೆ, ಅವು ಇಳಿಯುವ ಊರುಗಳ ಜನರ ಬಗ್ಗೆ ಮಾತಾಡುತ್ತೇನೆ. ರಾಜಸ್ಥಾನದ ಭರತಪುರದಲ್ಲಿ ಕೇವಲಾದೇವ್ ಅನ್ನುವ ಪಕ್ಷಿಧಾಮ ಇದೆ. ಅದರೊಳಗೆ ಕಲ್ಲಿನ ಫಲಕಗಳಿವೆ. ಯಾವ ದಿನ ಯಾವ ದೊರೆ ಬೇಟೆಗೆ ಬಂದ, ಎಷ್ಟು ಹಕ್ಕಿ ಬಿತ್ತು ಅಂತ ಸಾಲುಸಾಲಾಗಿ ಕೆತ್ತಿದ್ದಾರೆ. 1938ರ ನವೆಂಬರ್ 12ರ ಸಾಲಿನಲ್ಲಿ ವೈಸ್‌ರಾಯ್ ಲಿನ್‌ಲಿತ್‌ಗೋ ಅವರ ಹೆಸರಿದೆ. ಆ ಒಂದೇ ದಿನ ಬಿದ್ದ ಹಕ್ಕಿಗಳು 4,273.

ತಮಾಷೆ ಏನೆಂದರೆ, ಆ ಜಾಗ ಉಳಿದದ್ದೂ ಬೇಟೆಯಿಂದಲೇ. ಅದು ತಾನಾಗಿ ಆದ ಸರೋವರವೇನಲ್ಲ. ತಗ್ಗು ನೆಲಕ್ಕೆ ಒಡ್ಡು ಹಾಕಿ, ಹೊಳೆ ನೀರು ತಿರುಗಿಸಿ ನಿಲ್ಲಿಸಿದ್ದು. ಒಂದು ಲೆಕ್ಕದಲ್ಲಿ ನಮ್ಮ ಕೆರೆಗಳ ಹಾಗೇ. ರಾಜರಿಗೆ ಬಾತುಕೋಳಿ ಹೊಡೆಯುವ ಹುಚ್ಚು, ಅದಕ್ಕೇ ನೀರು ನಿಂತಿತು. ಸ್ವಾತಂತ್ರ್ಯ ಬಂದ ಮೇಲೆ ಕಾಲ ಬದಲಾಯಿತು. ಬೇಟೆ ನಿಂತಿತು, ಪಕ್ಷಿಧಾಮ ಆಯಿತು, 1980ರ ದಶಕದ ಆರಂಭದಲ್ಲಿ ರಾಷ್ಟ್ರೀಯ ಉದ್ಯಾನವೂ ಆಯಿತು. ಉದ್ಯಾನ ಅಂದಮೇಲೆ ದನ, ಎಮ್ಮೆ ಒಳಗೆ ಬರಬಾರದು ಅಂತ 1982ರಲ್ಲಿ ಆಜ್ಞೆ ಬಂತು. ತಲೆಮಾರುಗಳಿಂದ ಅಲ್ಲೇ ಎಮ್ಮೆ ಮೇಯಿಸಿಕೊಂಡು ಬಂದ ಸುತ್ತಲ ಹಳ್ಳಿಯವರು ಎದುರು ನಿಂತರು. ಗಲಾಟೆ ಆಯಿತು, ಪೊಲೀಸರು ಗುಂಡು ಹಾರಿಸಿದರು, ಹಳ್ಳಿಗರು ಸತ್ತರು. ಹಕ್ಕಿಯನ್ನು ಉಳಿಸುವ ಹೆಸರಿನಲ್ಲಿ ಮನುಷ್ಯರು ಸತ್ತ ಕಥೆ ಇದು. ಪಕ್ಷಿಪ್ರಿಯರು ಇದನ್ನು ಹೇಳುವುದು ಕಡಿಮೆ. ನನಗೆ ಅದು ಸರಿ ಕಾಣುವುದಿಲ್ಲ.

ಆಮೇಲೆ ಏನಾಯಿತು ಕೇಳಿ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿಗಳು ಅಲ್ಲಿ ಹತ್ತು ವರ್ಷ ಕೂತು ಅಧ್ಯಯನ ಮಾಡಿದರು. ಎಮ್ಮೆ ಹೋದರೆ ಹಕ್ಕಿಗೆ ಒಳ್ಳೆಯದಾಗುತ್ತದೆ ಅನ್ನುವುದು ಎಲ್ಲರ ನಂಬಿಕೆಯಾಗಿತ್ತು. ಆದದ್ದು ಉಲ್ಟಾ. ಎಮ್ಮೆ ಮೇಯುವುದು ನಿಂತ ಮೇಲೆ ಜೌಗು ಹುಲ್ಲು ನೀರಿನ ತುಂಬಾ ಹಬ್ಬಿತು. ಬಾತುಗಳಿಗೆ ಬೇಕಾದ ತೆರೆದ ನೀರು ಮುಚ್ಚಿಹೋಯಿತು. ಮೀನಿಗೂ ತೊಂದರೆ, ಮೀನು ತಿನ್ನುವ ಹಕ್ಕಿಗೂ ತೊಂದರೆ. ಕೊನೆಗೆ ಆ ವಿಜ್ಞಾನಿಗಳೇ, ಈ ನೀರಿಗೆ ಎಮ್ಮೆ ಬೇಕು ಅಂದರು. ಹಳ್ಳಿಯವರು ಯಾವ ಅಧ್ಯಯನವೂ ಇಲ್ಲದೆ ಇದನ್ನು ಮೊದಲೇ ಹೇಳಿದ್ದರು, ಅಲ್ವಾ?

ಭರತಪುರದ ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. ಚಳಿಗಾಲಕ್ಕೆ ಅಲ್ಲಿಗೆ ಸೈಬೀರಿಯನ್ ಕ್ರೇನ್ ಬರುತ್ತಿತ್ತು. ಅಪ್ಪಟ ಬಿಳಿ ಮೈ, ಕೆಂಪು ಮುಖ, ದೊಡ್ಡವರ ಎದೆ ಮಟ್ಟದಷ್ಟು ಎತ್ತರ. ನೀರಿನಡಿಯ ಗೆಡ್ಡೆ ಕಿತ್ತು ತಿನ್ನುವ ಹಕ್ಕಿ. ಪಶ್ಚಿಮ ಸೈಬೀರಿಯಾದಲ್ಲಿ ಮರಿ ಮಾಡಿ, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಬರಬೇಕು. 1960ರ ದಶಕದಲ್ಲಿ ಭರತಪುರದಲ್ಲಿ 200ರ ಆಸುಪಾಸು ಕಾಣುತ್ತಿದ್ದವು. ಆಮೇಲೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಾ ಹೋದವು. ಇತ್ತ ಭರತಪುರದಲ್ಲಿ ಕಾವಲು ಬಿಗಿಯಾಗುತ್ತಿತ್ತು, 1985ರಲ್ಲಿ ವಿಶ್ವ ಪರಂಪರೆಯ ತಾಣ ಅನ್ನುವ ಗೌರವವೂ ಸಿಕ್ಕಿತು. 2002ರಲ್ಲಿ ಕೊನೆಯದಾಗಿ ಒಂದು ಜೋಡಿ ಕಂಡಿತು. ಅಲ್ಲಿಂದೀಚೆಗೆ ಬಂದಿಲ್ಲ.

ಹಕ್ಕಿ ಸತ್ತದ್ದು ದಾರಿಯಲ್ಲಿ. ವಾಯವ್ಯ ಪಾಕಿಸ್ತಾನದ ಕಣಿವೆಗಳಲ್ಲಿ ಕ್ರೇನ್ ಹಿಡಿಯುವುದು ಹಳೆಯ ರೂಢಿ. ಹಗ್ಗದ ತುದಿಗೆ ಭಾರ ಕಟ್ಟಿ ಹಾರುವ ಹಿಂಡಿನ ಮೇಲೆ ಎಸೆಯುತ್ತಾರೆ. ರೆಕ್ಕೆಗೆ ಸುತ್ತಿಕೊಂಡು ಹಕ್ಕಿ ಕೆಳಗೆ ಬೀಳುತ್ತದೆ. ಸಾವಿರಾರು ಬೇರೆ ಜಾತಿಯ ಕ್ರೇನ್‌ಗಳ ನಡುವೆ ಈ ಕೆಲವೇ ಬಿಳಿ ಹಕ್ಕಿಗಳೂ ಹಾರುತ್ತಿದ್ದವು. ಅಫ್ಘಾನಿಸ್ತಾನದಲ್ಲಿ ಅವು ದಣಿವಾರಿಸಿಕೊಳ್ಳುತ್ತಿದ್ದ ಸರೋವರದ ಸುತ್ತ ಯುದ್ಧ, ಮನೆಮನೆಯಲ್ಲಿ ಬಂದೂಕು. ಜೊತೆಗೆ ಬರ. ಗದಗದಿಂದ ಬೆಂಗಳೂರಿಗೆ ಹೊರಟ ಬಸ್ಸಿಗೆ ಎರಡೂ ಕಡೆ ಚೆಂದದ ನಿಲ್ದಾಣ ಕಟ್ಟಿ, ನಡುವಿನ ಸೇತುವೆ ಬಿದ್ದದ್ದನ್ನು ಮರೆತರೆ ಏನಾಗುತ್ತದೋ ಅದೇ ಆಯಿತು.

ಇದೇ ಜಾತಿಯ ಪೂರ್ವದ ಹಿಂಡು ಇನ್ನೂ ಇದೆ. ಚೀನಾದ ಪೋಯಾಂಗ್ ಸರೋವರದಲ್ಲಿ ಈಗಲೂ ಕೆಲವು ಸಾವಿರ ಹಕ್ಕಿಗಳು ಚಳಿಗಾಲ ಕಳೆಯುತ್ತವೆ. ಪಶ್ಚಿಮದ ಹಿಂಡಿನ ಕಥೆ ಹೇಳಿದರೆ ಬೇಜಾರಾಗುತ್ತದೆ. ಇರಾನಿನ ಕ್ಯಾಸ್ಪಿಯನ್ ಸಮುದ್ರದ ದಂಡೆಗೆ ವರ್ಷಗಟ್ಟಲೆ ಒಂದೇ ಒಂದು ಗಂಡು ಹಕ್ಕಿ ಒಂಟಿಯಾಗಿ ಬಂದು ಹೋಗುತ್ತಿತ್ತು.

ಅದೇ ಕ್ಯಾಸ್ಪಿಯನ್ ದಂಡೆಯಲ್ಲಿ ರಾಮ್‌ಸರ್ ಅನ್ನುವ ಊರಿದೆ. 1971ರ ಫೆಬ್ರವರಿ 2ರಂದು ಜೌಗು ನೆಲಗಳನ್ನು ಉಳಿಸುವ ಒಪ್ಪಂದಕ್ಕೆ ದೇಶಗಳು ಅಲ್ಲಿ ಸಹಿ ಹಾಕಿದವು. ಭಾರತ 1982ರಲ್ಲಿ ಸೇರಿತು. ವಲಸೆ ಪ್ರಾಣಿಗಳಿಗಾಗಿಯೇ 1979ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಇನ್ನೊಂದು ಒಪ್ಪಂದ ಆಯಿತು. ಅದರಡಿಯಲ್ಲಿ ಸೈಬೀರಿಯನ್ ಕ್ರೇನ್‌ಗಾಗಿ 1993ರಲ್ಲಿ ದೇಶಗಳು ಕೈಜೋಡಿಸಿದವು. ನಮ್ಮ ಹಿಂಡಿನ ಮಟ್ಟಿಗೆ ಆಗಲೇ ತಡವಾಗಿತ್ತು. ಒಪ್ಪಂದ ಬೇಕು, ಬೇಡ ಅನ್ನುವುದಿಲ್ಲ. ಆದರೆ ಒಪ್ಪಂದಕ್ಕೆ ಸಹಿ ಹಾಕುವವರು ರಾಜಧಾನಿಯಲ್ಲಿರುತ್ತಾರೆ, ಹಕ್ಕಿ ಇಳಿಯುವುದು ಹಳ್ಳಿಯಲ್ಲಿ. ಆ ಹಳ್ಳಿ ಒಪ್ಪದಿದ್ದರೆ ಕಾಗದ ಕಾಗದವೇ.

ಹಳ್ಳಿ ಒಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ನಾಗಾಲ್ಯಾಂಡಿನ ಪಾಂಗ್ತಿ ಊರನ್ನು ನೋಡಬೇಕು. ಅಮೂರ್ ಫಾಲ್ಕನ್ ಅಂತ ಒಂದು ಪುಟ್ಟ ಚಾಣ ಇದೆ. ತೂಕ 150 ಗ್ರಾಂ ಆಸುಪಾಸು. ಸೈಬೀರಿಯಾದ ಪೂರ್ವ ಭಾಗದಲ್ಲಿ, ಉತ್ತರ ಚೀನಾದಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ಆಫ್ರಿಕಾದ ದಕ್ಷಿಣಕ್ಕೆ ಹೋಗುತ್ತದೆ. ನಡುವೆ ಅಕ್ಟೋಬರ್-ನವೆಂಬರಿನಲ್ಲಿ ನಾಗಾಲ್ಯಾಂಡಿನ ದೋಯಾಂಗ್ ಜಲಾಶಯದ ಸುತ್ತ ಇಳಿದು, ಗೆದ್ದಲು ಹುಳು ತಿಂದು ಮೈ ತುಂಬಿಕೊಳ್ಳುತ್ತದೆ. ಆಮೇಲೆ ಭಾರತವನ್ನು, ಅರಬ್ಬೀ ಸಮುದ್ರವನ್ನು ದಾಟಿ ಐದಾರು ದಿನ ನಿಲ್ಲದೆ ಹಾರುತ್ತದೆ.

2012ರ ಶರತ್ಕಾಲದಲ್ಲಿ ಅಲ್ಲಿ ಹಕ್ಕಿಗಳ ಕೊಲೆ ನಡೆಯುತ್ತಿರುವುದು ಹೊರಜಗತ್ತಿಗೆ ಗೊತ್ತಾಯಿತು. ಮೀನಿನ ಬಲೆಗಳನ್ನು ಮರಗಳ ನಡುವೆ ಕಟ್ಟಿದ್ದರು. ಸಂಜೆ ಮರಗಳಲ್ಲಿ ತಂಗಲು ಬಂದ ಹಕ್ಕಿಗಳು ಸಿಕ್ಕಿಬೀಳುತ್ತಿದ್ದವು. ಆ ಒಂದು ಋತುವಿನಲ್ಲಿ 1,20,000ದಿಂದ 1,40,000 ಹಕ್ಕಿಗಳು ಸತ್ತಿರಬೇಕು ಅನ್ನುವುದು ಅಂದಾಜು. ಇದನ್ನು ವಿಡಿಯೋ ಮಾಡಿ ಹೊರತಂದ ತಂಡದಲ್ಲಿ ಬೆಂಗಳೂರಿನ ರಾಮ್ಕಿ ಶ್ರೀನಿವಾಸನ್, ನಾಗಾಲ್ಯಾಂಡಿನ ಬಾನೋ ಹರಾಲು, ಶಶಾಂಕ್ ದಳ್ವಿ ಇದ್ದರು.

ಆ ಊರಿನವರನ್ನು ರಾಕ್ಷಸರು ಅಂತ ಬೈಯುವುದು ಸುಲಭ, ಆಗ ಬೈದವರೂ ಇದ್ದರು. ಆದರೆ ಜಲಾಶಯ ಕಟ್ಟಿದಾಗ ಅವರ ಗದ್ದೆಗಳೇ ಮುಳುಗಿದ್ದವು. ಮೀನು ಹಿಡಿಯುವುದು ಉಳಿದ ದಾರಿ. ಆ ನೀರಿಗೇ ಹಕ್ಕಿಗಳೂ ಲಕ್ಷಗಟ್ಟಲೆ ಬಂದವು. ಕೈಗೆ ಸಿಕ್ಕ ದುಡ್ಡನ್ನು ಯಾರು ಬಿಡುತ್ತಾರೆ? ಬಾನೋ ಹರಾಲು ಅವರಂಥ ಸ್ಥಳೀಯರು ಊರೂರಿಗೆ ಹೋಗಿ ಕೂತು ಮಾತಾಡಿದರು. ಚರ್ಚ್‌ನವರು ದನಿಗೂಡಿಸಿದರು. ಊರಿನ ಮಂಡಳಿಯೇ ಬೇಟೆ ನಿಷೇಧಿಸಿತು. ಮರುವರ್ಷ, ಅಂದರೆ 2013ರಲ್ಲಿ, ಬಲೆಗಳು ಏಳಲೇ ಇಲ್ಲ. ಅದೇ ವರ್ಷ ಹಂಗೇರಿಯ ತಜ್ಞರ ನೆರವಿನಿಂದ ಮೂರು ಹಕ್ಕಿಗಳ ಬೆನ್ನಿಗೆ ಉಪಗ್ರಹ ಯಂತ್ರ ಕಟ್ಟಿ ಹಾರಿಬಿಟ್ಟರು. ಅವಕ್ಕೆ ಇಟ್ಟ ಹೆಸರು ನಾಗಾ, ವೋಖಾ, ಪಾಂಗ್ತಿ. ಊರಿನ ಹೆಸರು ಹೊತ್ತ ಹಕ್ಕಿ ಆಫ್ರಿಕಾ ಮುಟ್ಟಿದ್ದನ್ನು ಊರಿನವರು ತಿಳಿದುಕೊಂಡರು. ಇದಕ್ಕಿಂತ ಒಳ್ಳೆಯ ಭಾಷಣ ನಾನು ಮಾಡಲಾರೆ.

ಆದರೂ ಒಂದು ಮಾತು ಹೇಳಲೇಬೇಕು. ಬಲೆ ಬಿಟ್ಟವನ ಮನೆಗೆ ಬರುತ್ತಿದ್ದ ದುಡ್ಡು ನಿಂತಿತು. ಪ್ರವಾಸಿಗರು ಬರುತ್ತಾರೆ, ಆದಾಯ ಆಗುತ್ತದೆ ಅಂತ ಹೇಳುವುದು ಸುಲಭ. ಹಕ್ಕಿ ಇರುವುದು ವರ್ಷದಲ್ಲಿ ಕೆಲವೇ ವಾರ. ಆ ದೂರದ ಬೆಟ್ಟಕ್ಕೆ ಎಷ್ಟು ಜನ ಹೋಗುತ್ತಾರೆ?

ಈಗ ನಮ್ಮ ಮನೆ ಬಾಗಿಲಿಗೆ ಬರೋಣ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಇಲ್ಲಿ ಕೂತವರಿಗೆಲ್ಲ ಗೊತ್ತು. ಸುಮಾರು 50 ಹೆಕ್ಟೇರ್‌ನ ಕೆರೆ. 2024ರಲ್ಲಿ ಅಂಕಸಮುದ್ರ, ಅಘನಾಶಿನಿ ಅಳಿವೆಯ ಜೊತೆಗೆ ಇದೂ ರಾಮ್‌ಸರ್ ಪಟ್ಟಿ ಸೇರಿತು. ರಂಗನತಿಟ್ಟು 2022ರಲ್ಲೇ ಸೇರಿತ್ತು. ಮಾಗಡಿಗೆ ಆ ಹೆಸರು ತಂದದ್ದು ಪಟ್ಟೆತಲೆ ಹೆಬ್ಬಾತು. ಮಂಗೋಲಿಯಾ, ಟಿಬೆಟ್ ಕಡೆಯ ಸರೋವರಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ಬರುತ್ತದೆ. ಎವರೆಸ್ಟ್ ಮೇಲೇ ಹಾರುತ್ತದೆ ಅಂತ ಹೇಳುವುದುಂಟು. ಯಂತ್ರ ಕಟ್ಟಿ ಅಳೆದವರಿಗೆ ಸಿಕ್ಕ ಅತಿ ಎತ್ತರ 7,290 ಮೀಟರ್. ಬಹುಪಾಲು ಹೊತ್ತು ಅವು ಕಣಿವೆ ಹಿಡಿದು ನೆಲಕ್ಕೆ ಹತ್ತಿರವೇ ಹಾರುತ್ತವೆ. ಜಾಣತನ ಅಂದರೆ ಅದೇ. ಸುಮ್ನೆ ಯಾಕೆ ಎತ್ತರಕ್ಕೆ ಹೋಗಿ ಉಸಿರು ಕಟ್ಟಿಸಿಕೊಳ್ಳಬೇಕು?

ಮಂಗೋಲಿಯಾದಲ್ಲಿ ಕೊರಳಿಗೆ ನಂಬರಿನ ಪಟ್ಟಿ ಹಾಕಿಸಿಕೊಂಡ ಹೆಬ್ಬಾತುಗಳು ಮೈಸೂರು ಕಡೆಯ ಹದಿನಾರು ಕೆರೆಯಲ್ಲಿ ಕಂಡಿವೆ. ಅಲ್ಲಿನ ಹುಲ್ಲುಗಾವಲಿನ ಕುರಿಗಾಹಿಗೂ ಇಲ್ಲಿನ ಕೆರೆ ದಂಡೆಯ ಕುರಿಗಾಹಿಗೂ ಒಂದೇ ಹಕ್ಕಿಯ ಪರಿಚಯ ಇದೆ. ಅಲ್ಲಿ ಕೆಟ್ಟದ್ದಾದರೆ ಇಲ್ಲಿ ಹಿಂಡು ಸಣ್ಣದಾಗಬಹುದು. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಹಕ್ಕಿಜ್ವರಕ್ಕೆ ಸಾವಿರಾರು ಹಕ್ಕಿಗಳು ಸತ್ತವು. ಅವುಗಳಲ್ಲಿ ಈ ಹೆಬ್ಬಾತುಗಳೇ ಜಾಸ್ತಿ. ಹಕ್ಕಿಗಳೇ ರೋಗ ತರುತ್ತವೆ ಅಂತ ಜನ ಹೆದರುತ್ತಾರೆ. ಆ ರೋಗ ಮೊದಲು ಬಲಿತದ್ದು ಸಾಕುಕೋಳಿ, ಸಾಕುಬಾತುಗಳ ನಡುವೆ ಅನ್ನುವುದನ್ನೂ ನೆನಪಿಡಬೇಕು.

ಹೆಬ್ಬಾತು ಮೀನು ತಿನ್ನುವುದಿಲ್ಲ. ಹಗಲು ನೀರಿನಲ್ಲಿ ತೇಲಿಕೊಂಡಿದ್ದು, ಕತ್ತಲಾದ ಮೇಲೆ ಹೊಲಕ್ಕೆ ಇಳಿಯುತ್ತದೆ. ಎಳೆ ಪೈರು, ಹುಲ್ಲು, ಉದುರಿದ ಕಾಳು ಅದರ ಊಟ. ಅಂದರೆ ಕೆರೆಗೆ ಬೋರ್ಡು ಹಾಕಿ, ತಂತಿ ಬೇಲಿ ಬಿಗಿದರೆ ಹೆಬ್ಬಾತು ಉಳಿಯುವುದಿಲ್ಲ. ಅದಕ್ಕೆ ಊಟ ಹಾಕುವವನು ಸುತ್ತಲಿನ ರೈತ. ಫೋಟೋ ತೆಗೆಯುವವರು ಬಂದು ಹೋಗುತ್ತಾರೆ, ಪೈರು ಮೇಯಿಸಿಕೊಂಡವನ ಹೆಸರು ಯಾವ ಬೋರ್ಡಿನಲ್ಲೂ ಇರುವುದಿಲ್ಲ.

ಇನ್ನು ನಮ್ಮ ಕಡೆಯ ದೊಡ್ಡ ಅಪಾಯ ಬಂದೂಕಲ್ಲ. ಒಳ್ಳೆಯ ಮನಸ್ಸಿನಿಂದ ಮಾಡುವ ಕಾಮಗಾರಿ. ಕೆರೆ ಅಭಿವೃದ್ಧಿ ಅಂದರೆ ಜೆಸಿಬಿ ತಂದು ಹೂಳೆತ್ತಿ, ದಂಡೆಯನ್ನು ಗೋಡೆಯ ಹಾಗೆ ನೇರ ಮಾಡಿ, ಕಲ್ಲು ಹೊದಿಸಿ, ಮೇಲೆ ವಾಕಿಂಗ್ ಪಾತ್ ಹಾಕುವುದು. ನೀರು ಜಾಸ್ತಿ ನಿಲ್ಲುತ್ತದೆ, ನಿಜ. ಆದರೆ ಉಲ್ಲಂಕಿಗಳಂಥ ಉದ್ದಕಾಲಿನ ಹಕ್ಕಿಗಳಿಗೆ ಬೇಕಾದದ್ದು ಪಾದ ಮುಳುಗುವಷ್ಟು ನೀರು, ಕೆಸರು, ಇಳಿಜಾರು ದಂಡೆ. ಹೆಬ್ಬಾತಿಗೆ ಬೇಕಾದದ್ದು ದಂಡೆಯಲ್ಲಿ ಗಿಡ್ಡ ಹುಲ್ಲು, ಸುತ್ತ ಬಯಲು. ಆ ಹುಲ್ಲನ್ನು ಗಿಡ್ಡ ಇಡುವುದು ಕುರಿಗಳು. ಭರತಪುರದ ಎಮ್ಮೆ ನೆನಪಾಯಿತಾ? ಹೂಳು ಎತ್ತಲೇಬೇಕಾದರೆ ಕೆರೆಯ ಒಂದು ಮಗ್ಗುಲನ್ನು ಇಳಿಜಾರಾಗಿಯೇ ಬಿಡಿ. ಅಂದಾಜುಪಟ್ಟಿ ಮಾಡುವಾಗಲೇ ಎಂಜಿನಿಯರಿಗೆ ಹೇಳಿ. ಕೆಲಸ ಮುಗಿದ ಮೇಲೆ ಹೇಳಿ ಪ್ರಯೋಜನ ಇಲ್ಲ.

ಗಿಡ ನೆಡುವುದೂ ಹಾಗೇ. ನೆಟ್ಟರೆ ಪುಣ್ಯ ಅಂತ ಎಲ್ಲೆಂದರಲ್ಲಿ ನೆಡುತ್ತೇವೆ. ಪಕ್ಕದ ರಾಣೆಬೆನ್ನೂರಿನ ಹುಲ್ಲುಗಾವಲಿನಲ್ಲಿ ಒಂದು ಕಾಲಕ್ಕೆ ಎರೆಭೂತ ಹಕ್ಕಿ ಇತ್ತು. ಆ ಬಯಲನ್ನು ಪಾಳುಭೂಮಿ ಅಂದುಕೊಂಡು ನೀಲಗಿರಿ ನೆಟ್ಟರು. ತೆರೆದ ಬಯಲಿಲ್ಲದೆ ಬದುಕದ ಹಕ್ಕಿ ಅದು, ಅಲ್ಲಿಂದ ಕಾಣೆಯಾಯಿತು. ಈಗ ದೇಶದಲ್ಲೇ ಕೈಬೆರಳೆಣಿಕೆಯ ಜಾಗಗಳಲ್ಲಿ ಅದು ಉಳಿದಿದೆ. ಹುಲ್ಲುಗಾವಲಿಗೆ ನಮ್ಮ ದಾಖಲೆಗಳಲ್ಲಿ ಮರ್ಯಾದೆ ಇಲ್ಲ, ತಪ್ಪು ಅಲ್ಲೇ ಶುರುವಾಗುತ್ತದೆ.

ಹಾಗಾದರೆ ಜನರ ಪಾಲನ್ನು ಲೆಕ್ಕಕ್ಕೆ ತಗೊಂಡ ಊರು ಇದೆಯಾ? ಇದೆ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು. ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು ಅಲ್ಲಿ ಕಾಡಿನಲ್ಲಿ ಅಲ್ಲ, ಮನೆ ಹಿತ್ತಲಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಗುರುತಿಸುವವರೆಗೆ ಹೊರಗಿನವರಿಗೆ ಇದು ಅಷ್ಟಾಗಿ ಗೊತ್ತಿರಲಿಲ್ಲ. ಊರಿನವರಿಗೆ ಮಾತ್ರ ತಲೆತಲಾಂತರದ ನಂಟು. ಹಿಕ್ಕೆ ಬಿದ್ದ ಮಣ್ಣನ್ನು ಹೊಲಕ್ಕೆ ಗೊಬ್ಬರ ಮಾಡಿಕೊಳ್ಳುತ್ತಿದ್ದರು. ತೊಡಕು ಒಂದೇ. ಹಕ್ಕಿ ಮರಿ ಮಾಡುವ ಕಾಲವೂ ಹುಣಸೆ ಬಡಿಯುವ ಕಾಲವೂ ಒಂದೇ. ಮರ ಬಡಿದರೆ ಮರಿ ಬೀಳುತ್ತದೆ, ಬಡಿಯದಿದ್ದರೆ ಫಸಲು ಹೋಗುತ್ತದೆ. ಅದಕ್ಕೆ ಅರಣ್ಯ ಇಲಾಖೆ ಗೂಡಿರುವ ಮರದ ಯಜಮಾನರಿಗೆ ಪರಿಹಾರ ಕೊಡುವ ಪದ್ಧತಿ ತಂದಿತು. ಊರಿನ ಹುಡುಗರು ಹೆಜ್ಜಾರ್ಲೆ ಬಳಗ ಕಟ್ಟಿ, ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ತಿನ್ನಿಸಿ ಸಾಕಿದರು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶ ಅಂತ ಘೋಷಣೆಯಾಯಿತು.

ಅಲ್ಲೂ ಎಲ್ಲ ಸರಿಯಿದೆ ಅಂತ ನಾನು ಹೇಳುವುದಿಲ್ಲ. ಹುಣಸೆಹಣ್ಣಿನ ಬೆಲೆ ಏರಿದಾಗ ಪರಿಹಾರವೂ ಏರಬೇಕು. ಇಲ್ಲದಿದ್ದರೆ ಮರದ ಯಜಮಾನ ಮರ ಮಾರುತ್ತಾನೆ, ಅವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಮಾಗಡಿಯಲ್ಲೂ ಇದೇ ಲೆಕ್ಕ ಬೇಕು. ಹೆಬ್ಬಾತು ಮೇಯ್ದ ಹೊಲ ಯಾವುದು, ಎಷ್ಟು ಮೇಯಿತು, ಯಾರ ಪೈರು ಅನ್ನುವ ಲೆಕ್ಕವನ್ನು ಊರಿನವರೇ ಬರೆದಿಡಬಹುದು. ಪ್ರತಿ ಜನವರಿಯಲ್ಲಿ ಏಷ್ಯಾದ ಹಲವು ದೇಶಗಳಲ್ಲಿ ನೀರುಹಕ್ಕಿ ಗಣತಿ ನಡೆಯುತ್ತದೆ. ಶಾಲೆಯ ಮಕ್ಕಳು ಹಕ್ಕಿ ಎಣಿಸಲಿ. ಅದೇ ವಾರ ಹೈಸ್ಕೂಲಿನ ಮಕ್ಕಳು ರೈತರ ಹೊಲಕ್ಕೂ ಹೋಗಿ ನಷ್ಟ ಎಷ್ಟು ಅಂತ ಕೇಳಿ ಬರೆದುಕೊಳ್ಳಲಿ. ಎರಡೂ ಪಟ್ಟಿಗಳು ಒಟ್ಟಿಗೆ ಗ್ರಾಮಸಭೆಯ ಮುಂದೆ ಬರಲಿ.

ನನ್ನ ಮಾತು ಇಷ್ಟು. ಈಗ ಪ್ರಶ್ನೆ ಕೇಳಬಹುದು. ಕೆರೆ ದಂಡೆಗೆ ಹೊಲ ಇರುವವರು ಮೊದಲು ಕೇಳಲಿ, ಮೈಕ್ ಅವರ ಕಡೆಗೆ ಕೊಡ್ರಪ್ಪ.